ಗಾಡಿಯ ಹೊಟ್ಟೆ ಎತ್ತುವ ವಾಕೊ

ಬೆಟ್ಟದ ಮೇಲಿನ ನಮ್ಮ ಮಾರ್ಸಬಿಟ್ ಪೇಟೆಗೆ ಯಾರು ಯಾವ ವಾಹನದಲ್ಲಿ ಬಂದಿಳಿದರೂ ವಾಕೊ ಹಿರ್ಬೊ ಮೊದಲು ನೋಡುತ್ತಿದ್ದುದು ಇಳಿದವರ ಮುಖವನ್ನಲ್ಲ, ಅವರನ್ನು ಹೊತ್ತು ತಂದ ವಾಹನದ ಹೊಟ್ಟೆಯನ್ನು. ಬಂದವರು ಸಲಾಮು ಹೇಳಿ ಕೈ ಚಾಚುವಷ್ಟರಲ್ಲಿ ಅವನು ಬಾಗಿ, ಎಡಗೈಯನ್ನು ನೆಲಕ್ಕೂರಿ, ತಲೆಯನ್ನು ಓರೆಮಾಡಿ ಚಕ್ರಗಳ ನಡುವಿನ ಕತ್ತಲೆಯೊಳಗೆ ಇಣುಕುತ್ತಿರುತ್ತಿದ್ದ. ಚಾಚಿದ ಕೈ ಗಾಳಿಯಲ್ಲೇ ಕಾಯುತ್ತಿತ್ತು. ಅಲ್ಲಿ ಹೊಸ ಗೀರೊಂದು ಕಂಡರೆ, ತನ್ನ ಮಗುವಿನ ಮೈಮೇಲೆ ಬಾಸುಂಡೆ ಕಂಡ ತಂದೆಯಂತೆ ನಾಲಗೆಯಿಂದ ಲೊಚಗುಟ್ಟುತ್ತಿದ್ದ. ಅನಂತರವೇ ಎದ್ದು, ಕೈಯ ಮಣ್ಣು ಕೊಡವಿ, ಮನೆಮಂದಿಯ, ಒಂಟೆಗಳ, ಆಡುಗಳ, ಮಳೆಯ ಯೋಗಕ್ಷೇಮವನ್ನೆಲ್ಲ ಸಾವಕಾಶವಾಗಿ ವಿಚಾರಿಸುವುದು. ಪರಿಚಯವಿಲ್ಲದವರು ಇದನ್ನು ಅಹಂಕಾರವೆಂದು ತಿಳಿಯುತ್ತಿದ್ದರು. ಪರಿಚಯವಿದ್ದವರು ತಮ್ಮ ಗಾಡಿಯನ್ನು ಮಸೀದಿಯ ಹಿಂದೆ ನಿಲ್ಲಿಸಿ, ಏನೂ ತಿಳಿಯದವರ ಹಾಗೆ ನಡೆದುಬರುತ್ತಿದ್ದರು.

ಆಳು ಎತ್ತರ. ಆದರೆ ಆ ಎತ್ತರವನ್ನು ಪೂರ್ತಿಯಾಗಿ ಕಂಡವರು ವಿರಳ. ಜೀವಮಾನದ ಬಹುಭಾಗವನ್ನು ವಾಹನಗಳ ಅಡಿಯಲ್ಲಿ ಅಂಗಾತ ಮಲಗಿ ಕಳೆದ ಆ ದೇಹ, ಬಟ್ಟಬಯಲಿನಲ್ಲಿ ನಡೆಯುವಾಗಲೂ ತಲೆಯ ಮೇಲೆ ಕಬ್ಬಿಣದ ಛಾವಣಿಯೊಂದು ತೂಗುತ್ತಿದೆಯೇನೋ ಎಂಬಂತೆ ಕತ್ತನ್ನು ಮುಂದಕ್ಕೆ ಚಾಚಿ, ಬಲಭುಜವನ್ನು ತಗ್ಗಿಸಿ ಎಚ್ಚರದಿಂದ ಚಲಿಸುತ್ತಿತ್ತು. ಅದರ ಮೇಲೊಂದು ಕೋಟು. ಯಾವುದೋ ದೂರದೇಶದ ಸೈನಿಕ ತೊಟ್ಟು ಬಿಸುಟು, ಹಳೆಬಟ್ಟೆಯ ರಾಶಿಯಲ್ಲಿ ನಮ್ಮ ಬೆಟ್ಟ ಹತ್ತಿ ಬಂದ, ಬೂದುಬಣ್ಣದ ಉಣ್ಣೆಯ ನಿಲುವಂಗಿ. ಮಂಜು ಸುರಿಯುವ ನಮ್ಮ ಮುಂಜಾವುಗಳಿಗೆ ಅದು ಹೊದಿಕೆ, ಕೆಲಸದ ಹೊತ್ತಿಗೆ ಹಾಸಿಗೆ. ಮುಂಭಾಗ ಮದುವೆಗೆ ಹೋಗುವಷ್ಟು ನೀಟು, ಬೆನ್ನಿನ ಭಾಗ ಸೀದ ಬಾಣಲೆಯ ಕರಿ. ಎದುರಿನಿಂದ ಕಂಡವರಿಗೆ ಸಾಹೇಬನಂತೆಯೂ ಹಿಂದಿನಿಂದ ಕಂಡವರಿಗೆ ಇದ್ದಿಲು ಮಾರುವವನಂತೆಯೂ ತೋರುತ್ತಿದ್ದ ಅವನನ್ನು ಕುರಿತು ಹೆಂಡತಿ ಮೊಮಿನಾ ಹೇಳುತ್ತಿದ್ದಳು: "ಆ ಕೋಟು ಒಗೆದ್ರೆ ಎಣ್ಣೆ ಜೊತೆಗೆ ಗಂಡನೂ ಹರಿದು ಹೋಗ್ತಾನೆ. ಅದಕ್ಕೇ ಒಗೆಯಲ್ಲ."

ಮಾತಿಗೆ ಅವನದೇ ಒಂದು ಬಾಲವಿತ್ತು: "ಹೌದೊ ಅಲ್ವೊ?" ಪ್ರತಿ ವಾಕ್ಯದ ತುದಿಗೂ ಅದನ್ನು ಸಿಕ್ಕಿಸುವನು; ಉತ್ತರಕ್ಕೆ ಮಾತ್ರ ಒಮ್ಮೆಯೂ ಕಾದವನಲ್ಲ. "ಚಹಾ ಆರಿಹೋಯ್ತು, ಹೌದೊ ಅಲ್ವೊ? ಇನ್ನೊಂದು ತರ್ಸು." ಅವನು ಬುರ್ಜಿ ಜನಾಂಗದವನು, ಉತ್ತು ಬಿತ್ತುವವರ ಪೈಕಿ. ಗಿರಾಕಿಗಳಲ್ಲಿ ಹೆಚ್ಚಿನವರು ಬೆಟ್ಟದ ಕೆಳಗಿನ ಬೆಂಗಾಡಿನ ಗಬ್ರಾಗಳು, ಒಂಟೆಯ ಹಿಂದೆ ಹೆಜ್ಜೆ ಹಾಕುವವರು. "ಗುದ್ದಲಿ ಹಿಡಿಯೋ ಕೈಗೆ ಗಾಡಿ ಏನು ಗೊತ್ತು, ಫುಂಡಿ?" ಎಂದು ಅವರು ಕೆಣಕುವರು, ಫುಂಡಿ ಎಂದರೆ ನಮ್ಮಲ್ಲಿ ಕಸುಬುದಾರ. "ಒಂಟೆಗೆ ಹೊಟ್ಟೆ ಅಷ್ಟು ಮೇಲಿಟ್ಟೋನು ದೇವರು. ನಿಮ್ಮ ಗಾಡಿಗೆ ಮೇಲಿಡೋನು ಬುರ್ಜಿ, ಹೌದೊ ಅಲ್ವೊ?" ಎಂದು ಇವನು.

ಒಂದು ಹಠವಿತ್ತು ಅವನಿಗೆ. ವಾಹನದ ಒಡೆಯ ಯಾರೇ ಆಗಿರಲಿ, ಮೊದಲು ಆ ಒಡೆಯನೇ ಅದರ ಅಡಿಯಲ್ಲಿ ಮಲಗಿ ನೋಡಬೇಕು. ಅಲ್ಲಿಯತನಕ ವಾಕೊ ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ಕೋಟನ್ನು ಬಿಚ್ಚಿ ನೆಲಕ್ಕೆ ಹಾಸಿ, ಅತಿಥಿಗೆ ಚಾಪೆ ತೋರಿಸುವ ವಿನಯದಿಂದ ಕೈ ಮುಂದೆ ಮಾಡುವನು. ಜಾನುವಾರು ವ್ಯಾಪಾರಿ ಹಾಜಿ ಸೋರಾ, ಸ್ಥೂಲಕಾಯದ ಮನುಷ್ಯ, ಬೈದುಕೊಂಡೇ ಅಡಿಗೆ ನುಸುಳಿದವನು ಎಷ್ಟು ಹೊತ್ತಾದರೂ ಹೊರಬರಲಿಲ್ಲ. ಒಳಗೆ ಸಿಕ್ಕಿಕೊಂಡನೆಂದು ಹೌಹಾರಿ ನಾಲ್ಕು ಜನ ಕಾಲು ಹಿಡಿದೆಳೆದರೆ, ಅಲ್ಲಿನ ತಂಪಿಗೆ ಗಾಢನಿದ್ರೆ. "ಇನ್ನೊಂಚೂರು ಬಿಟ್ಟಿದ್ರೆ ಕನಸಲ್ಲಿ ವ್ಯಾಪಾರ ಕುದುರ್ತಿತ್ತು" ಎಂದು ಕಣ್ಣುಜ್ಜುತ್ತ ಎದ್ದ. ವಾಕೊ ಮಾತ್ರ ನಗಲಿಲ್ಲ. "ಏನು ಕಂಡೆ ಅಲ್ಲಿ? ಹೇಳು." ಹಾಜಿ ಏನನ್ನೂ ಕಂಡಿರಲಿಲ್ಲ. ಮತ್ತೊಮ್ಮೆ ಮಲಗಬೇಕಾಯಿತು.

ಹೊಟ್ಟೆ ಎತ್ತುವುದೆಂದರೆ ಮೈ ಎತ್ತರಿಸುವುದಲ್ಲ ಎಂಬುದು ಅವನ ಸಿದ್ಧಾಂತ. ಪೇಟೆಯ ತರುಣರಿಗೆ ಬೇಕಾಗಿದ್ದುದು ಎತ್ತರ. ಗಡುಸಾದ ಸ್ಪ್ರಿಂಗ್ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ಮೈಯನ್ನು ಮುಗಿಲಿಗೆ ಏರಿಸಿ, ಮದುವೆಮನೆಯ ಮುಂದೆ ನಿಲ್ಲಿಸಿದರೆ ಹುಡುಗಿಯರು ನೋಡುತ್ತಾರೆ. ವಾಕೊನೂ ಪ್ರಾಯದಲ್ಲಿ ಹಾಗೆಯೇ ಮಾಡಿದವನು. ಅವನು ಮುಗಿಲಿಗೇರಿಸಿದ ಜೀಪೊಂದು ಹುರಿ ಎಂಬ ಗುಡ್ಡದ ಓರೆಯಲ್ಲಿ, ಗಾಳಿ ಬೀಸಿದ್ದೇ ನೆಪವಾಗಿ, ಮೆಲ್ಲನೆ ಮಗ್ಗುಲಾಯಿತು. ಒಳಗಿದ್ದವರಿಗೆ ತರಚುಗಾಯಗಳಷ್ಟೇ ಆದವು. ಅವನಿಗೆ ಮಾತ್ರ ಬಹಳ ಕಾಲ ಊಟ ಸೇರಲಿಲ್ಲವೆಂದು ಮೊಮಿನಾ ಹೇಳುತ್ತಾಳೆ. ಆಮೇಲಿನಿಂದ ಅವನ ಮಾರ್ಗ ಬೇರೆ. ಮೈ ಇದ್ದಲ್ಲೇ ಇರಲಿ. ಕೆಳಗೆ ಜೋಲುವುದನ್ನೆಲ್ಲ ಒಳಕ್ಕೆ ಸೇರಿಸು. ಗೇರ್‌ಬಾಕ್ಸನ್ನು ಹೊತ್ತ ಅಡ್ಡಪಟ್ಟಿಯನ್ನು ಕತ್ತರಿಸಿ ಮೇಲಕ್ಕೆ ಕೂರಿಸು, ಹೊಗೆಯ ಕೊಳವೆಯನ್ನು ಪಕ್ಕಕ್ಕೆ ತಿರುಗಿಸು, ಡೀಸೆಲ್ ಟ್ಯಾಂಕನ್ನು ಮೇಲೆ ತಳ್ಳು, ಅಡಿಗೆ ದಪ್ಪ ತಗಡಿನ ನುಣುಪಾದ ತಟ್ಟೆ ಬಿಗಿ. "ಸೊಂಟಕ್ಕೆ ಪಟ್ಟಿ ಕಟ್ಕೊಂಡು ಉಸಿರು ಒಳಗೆ ಎಳ್ಕೊ. ಎತ್ತರದ ಚಪ್ಪಲಿ ಹಾಕ್ಕೊಂಡು ಕುಣೀಬೇಡ. ಹೌದೊ ಅಲ್ವೊ?"

ಈ ಕಸುಬಿಗೆ ಅವನು ಬಿದ್ದ ಬಗೆಯನ್ನು ಪೇಟೆಯವರೆಲ್ಲ ಬಲ್ಲರು, ಏಕೆಂದರೆ ಅವನು ಎಲ್ಲರಿಗೂ ಹೇಳುತ್ತಿದ್ದ. ಮದುವೆಯಾದ ಹೊಸತು. ಹಳೆಯ ನೀಲಿ ಪಿಕಪ್ಪಿನಲ್ಲಿ ಜೋಳ, ಸಕ್ಕರೆ, ಚಹಾಪುಡಿಯನ್ನು ಚಾಲ್ಬಿ ಮರುಭೂಮಿಯಾಚೆಯ ಊರುಗಳಿಗೆ ಒಯ್ಯುತ್ತಿದ್ದ. ಒಮ್ಮೆ ಜೊತೆಗೆ ಬಂದಿದ್ದ ಮೊಮಿನಾಳಿಗೆ ಮೈ ಬೇಯುವಂಥ ಜ್ವರ ಹತ್ತಿ, ಅವಳು ಯಾರನ್ನೋ ಕರೆಯುತ್ತ, ಯಾರೊಂದಿಗೋ ಜಗಳವಾಡುತ್ತ ಮಲಗಿದ್ದಾಗ, ಆಸ್ಪತ್ರೆಗೆಂದು ಅಡ್ಡಹಾದಿ ಹಿಡಿದ. ಹಿಂದಿನ ದಿನ ಅಲ್ಲಿ ಮಳೆ ಬಿದ್ದಿತ್ತು. ಚಾಲ್ಬಿಯ ಉಪ್ಪುನೆಲ ಒಣಗಿದಾಗ ಹಲಗೆ, ನೆನೆದಾಗ ಅಂಟು. ನಟ್ಟನಡುವೆ ಪಿಕಪ್ಪು ತನ್ನ ಹೊಟ್ಟೆಯ ಮೇಲೆ ಕುಳಿತುಬಿಟ್ಟಿತು; ನಾಲ್ಕು ಚಕ್ರಗಳೂ ಕೆಸರನ್ನು ಕಡೆಯುತ್ತ ಸುಮ್ಮನೆ ತಿರುಗಿದವು.

ಬಯಲಿನ ಅಂಚಿನಲ್ಲಿ ಕೆಲವು ಗಬ್ರಾ ಬಿಡಾರಗಳಿದ್ದವು. ಓಡಿಹೋಗಿ ಕೂಗಿದ. ಜನ ಬಂದರು, ಕೈಯಿಂದಲೇ ಕೆಸರು ತೋಡಿದರು, ಭುಜ ಕೊಟ್ಟು ತಳ್ಳಿದರು. ಚಕ್ರದ ಕೆಳಗಿಡಲು ಗಟ್ಟಿಯಾದದ್ದು ಏನಾದರೂ ಬೇಕಿತ್ತು. ಕಲ್ಲಿಲ್ಲದ, ಮರವಿಲ್ಲದ ಬಯಲು. ಆಗ ಅವರಲ್ಲೊಬ್ಬ ಹೆಂಗಸು ತನ್ನ ಬಿಡಾರಕ್ಕೆ ಹಿಂದಿರುಗಿ, ಚಾಪೆಗಳನ್ನು ಕಿತ್ತುಹಾಕಿ, ಮನೆಯ ಬಾಗುಗೋಲುಗಳನ್ನು ಹೊರೆಕಟ್ಟಿ ತಂದು ಚಕ್ರಗಳ ಅಡಿಗೆ ತುರುಕಿದಳು. ಗಬ್ರಾಗಳಲ್ಲಿ ಮನೆ ಹೆಂಗಸಿನದು. ಆ ಕೋಲುಗಳು ತಾಯಿಯಿಂದ ಮಗಳಿಗೆ ಬರುವಂಥವು, ಒಂಟೆಯ ಬೆನ್ನ ಮೇಲೆ ಊರೂರು ಸುತ್ತುವಂಥವು. ಪಿಕಪ್ಪು ಗರ್ಜಿಸಿ ಮೇಲೆದ್ದು ಮುಂದಕ್ಕೆ ನುಗ್ಗಿತು. ಕೋಲುಗಳು ಪಟಪಟನೆ ಮುರಿದವು. ನಿಲ್ಲಿಸಿದರೆ ಮತ್ತೆ ಹೂತೀತೆಂಬ ಭಯಕ್ಕೆ ವಾಕೊ ನಿಲ್ಲಿಸಲಿಲ್ಲ. ಕಿಟಕಿಯಿಂದ ಕತ್ತು ಹೊರಹಾಕಿ ಹೆಸರನ್ನಷ್ಟೇ ಕೂಗಿ ಕೇಳಿದ. "ಬೊಕಾಯೊ!" ಎಂದು ಯಾರೋ ಅವಳ ಪರವಾಗಿ ಕೂಗಿ ಹೇಳಿದರು. ಮೊಮಿನಾ ಉಳಿದಳು. ಅವಳು ಚೇತರಿಸಿಕೊಂಡ ಮೇಲೆ ಅವನು ಹುಡುಕಿಕೊಂಡು ಹೋದರೆ ಬಯಲಿನಂಚು ಬರಿದು. ಬಿಡಾರಗಳು ಹುಲ್ಲನ್ನರಸಿ ಎತ್ತಲೋ ಹೊರಟುಹೋಗಿದ್ದವು. ಬೊಕಾಯೊ ಎಂಬ ಹೆಸರಿನ ಹೆಂಗಸರು ಬಹಳ ಜನ. ಆದರೂ ಬೆಟ್ಟ ಹತ್ತಿ ಬಂದ ಪ್ರತಿ ಗಬ್ರಾನನ್ನೂ, ಹೊಟ್ಟೆ ನೋಡಿ ಮುಗಿದ ಮೇಲೆ, ಅವನು ಆ ಹೆಂಗಸಿನ ವಿಚಾರವಾಗಿ ಕೇಳದೆ ಬಿಟ್ಟದ್ದಿಲ್ಲ.

ಕೆಲವು ವರ್ಷಗಳ ಹಿಂದೆ ಅವನ ಅಂಗಳಕ್ಕೆ ಬೆಟ್ಟದ ಕೆಳಗಿನ ಎಲ ಗುರಾಚಾ ಊರಿನ ಔಷಧಾಲಯದ ಗಾಡಿ ಬಂತು. ಓಡಿಸಿಕೊಂಡು ಬಂದವಳು ಅಲ್ಲಿನ ದಾದಿ ದರ್ಮಿ ಇಸ್ಸಾಕೊ. ಕಡ್ಡಿಯಂಥ ಮೈ, ಕತ್ತಿಯಂಥ ಬಾಯಿ. ಯಾರೋ ಗಾಡಿಯನ್ನು ಹಿಂದೆಯೇ ಎತ್ತರಿಸಿದ್ದರು. ಗಾಡಿ ನೋಡಲು ದೈತ್ಯ. ಅಡಿಯಲ್ಲಿ ಮಾತ್ರ ಎಲ್ಲವೂ ಮೊದಲಿನಂತೆಯೇ ಜೋಲುತ್ತಿತ್ತು.

"ಫುಂಡಿ ತಾತ, ಇದು ಬಂಡೆಗೆ ತಾಗೋದೂ ತಪ್ಪಿಲ್ಲ, ಮೇಲಾಗಿ ಕುಲುಕಾಟ ಬೇರೆ" ಎಂದಳು ದರ್ಮಿ. "ಕಪ್ಪುಕಲ್ಲಿನ ಬಯಲಾಚೆ ಬಿಡಾರಗಳಿದಾವೆ. ಅಲ್ಲಿಂದ ಒಬ್ಬ ಅಜ್ಜಿನ ಕರ್ಕೊಂಡ್ ಬಂದೆ, ಸೊಂಟ ಮುರ್ದಿತ್ತು. ದಾರಿಯುದ್ದಕ್ಕೂ ಕಿರುಚಿದ್ಲು. ಈಗ ಅಲ್ಲಿನವರು ಯಾರೂ ಹತ್ತಲ್ಲ ಅಂತಾರೆ. ನಿನ್ನ ಗಾಡೀಲಿ ನರಳೋದಕ್ಕಿಂತ ನಮ್ಮ ಚಾಪೆ ಮೇಲೇ ಸಾಯ್ತೀವಿ ಅಂತ ಮುಖಕ್ಕೇ ಹೇಳಿದ್ರು."

ವಾಕೊ ಕೋಟು ಹಾಸಿದ. ಅವಳು ಸರಕ್ಕನೆ ಅಡಿಗೆ ನುಸುಳಿದಳು. ಆ ಕ್ಷಣದಿಂದಲೇ ಅವನಿಗೆ ಅವಳ ಮೇಲೆ ಅಭಿಮಾನ ಹುಟ್ಟಿತು. ಅಡಿಯಿಂದಲೇ ಅವಳ ದನಿ ಕೇಳಿತು: "ಗೀರೆಲ್ಲ ನಡುಭಾಗದಲ್ಲೇ ಇದೆ, ತಾತ."

"ನಡುವೇ, ತಾಯಿ. ಪಟ್ಟಿ ಪೇರಿಸಿದೋನಿಗೆ ಅದು ಕಾಣ್ಲಿಲ್ಲ, ಹೌದೊ ಅಲ್ವೊ?"

ಕೆಲಸ ಹಿಡಿಯಿತು. ಗಡುಸು ಪಟ್ಟಿಗಳನ್ನು ಕಳಚಿ ಮೆದುವಾದವನ್ನು ಹಾಕಿದ. ಗಾಡಿ ನೋಡನೋಡುತ್ತ ಕುಳ್ಳಗಾಯಿತು. ಅದನ್ನು ಕಂಡು ದರ್ಮಿ ರೇಗಿದಳು. "ಎತ್ತು ಅಂದ್ರೆ ಇಳಿಸ್ತಾ ಇದೀಯಲ್ಲ!" ಗೇರ್‌ಬಾಕ್ಸನ್ನು ಮೇಲೆ ಸೇರಿಸಲು ಗಾಡಿಯ ನೆಲವನ್ನೇ ಕತ್ತರಿಸಿದಾಗ, ಎರಡು ಸೀಟುಗಳ ನಡುವೆ ಗೂನುಬೆನ್ನಿನಂಥ ಉಬ್ಬೊಂದು ಎದ್ದು ನಿಂತಿತು. ಅವಳ ಲಸಿಕೆಯ ಪೆಟ್ಟಿಗೆ ಕೂರುತ್ತಿದ್ದುದು ಅಲ್ಲಿಯೇ. ಅದಕ್ಕೊಂದು ದೊಡ್ಡ ಜಗಳವಾಯಿತು. ಮೊಮಿನಾ ಮಂಡಾಜಿ ಕರಿದು ತಂದು ಇಬ್ಬರ ಬಾಯಿಯನ್ನೂ ಮುಚ್ಚಿಸಿದಳು. ಗೇರ್‌ಬಾಕ್ಸು ಮೇಲೇರಿದ್ದರಿಂದ ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಶಾಫ್ಟಿನ ಓರೆ ಬದಲಾಗಿ ಗಾಡಿ ಗಡಗಡ ನಡುಗತೊಡಗಿತು. ವಾಕೊ ಅದನ್ನು ಬಿಚ್ಚಿದ, ಕಟ್ಟಿದ, ಮತ್ತೆ ಬಿಚ್ಚಿದ. ಅಚ್ಚಿನ ಬುಡಕ್ಕೆ ಓರೆಯಾದ ಬಿಲ್ಲೆಗಳನ್ನು ಕೊಟ್ಟು, ಕೈಯಲ್ಲಿ ತುಂಬಿದ ಚಹಾ ಲೋಟ ಹಿಡಿದು ದರ್ಮಿಯ ಪಕ್ಕದಲ್ಲಿ ಕೂತು, ಒಂದು ಹನಿಯೂ ತುಳುಕದೆ ಸಂತೆಯ ಸುತ್ತ ಬಂದ ಮೇಲೆಯೇ ಅವನು ಕೋಟನ್ನು ತೊಟ್ಟದ್ದು.

ಅಷ್ಟರಲ್ಲಿ ದರ್ಮಿಗೆ ಫೋನು ಬಂತು. ಕಪ್ಪುಕಲ್ಲಿನಾಚೆಯ ಬಿಡಾರದಲ್ಲಿ ಕಟೆಲೊ ಎಂಬವನ ಮೇಲೆ ಗಂಡೊಂಟೆಯೊಂದು ಕುಸಿದು ತೊಡೆ ಮುರಿದಿದೆ. ಮನೆಯವರು ಗಾಡಿ ಬೇಡವೆನ್ನುತ್ತಿದ್ದಾರೆ. ತಾನು ಎತ್ತಿದ ಗಾಡಿಯ ಮೊದಲ ಪಯಣಕ್ಕೆ ತಪ್ಪದೆ ಜೊತೆಗೆ ಹೋಗುವುದು ವಾಕೊನ ಪದ್ಧತಿ. ಕೇಳದೆಯೇ ಹತ್ತಿ ಕೂತ.

ಬೆಟ್ಟ ಇಳಿದು, ಎಲ ಗುರಾಚಾ ದಾಟಿದ ಮೇಲೆ ಕಪ್ಪುಕಲ್ಲು ಶುರುವಾಗುತ್ತದೆ. ಯಾವುದೋ ಯುಗದಲ್ಲಿ ಭೂಮಿ ಕಾರಿದ ಬೆಂಕಿ ಹೆಪ್ಪುಗಟ್ಟಿ, ಒಡೆದು, ಕಣ್ಣು ಹಾಯುವಷ್ಟು ದೂರ ಚೆಲ್ಲಿದ ಬಂಡೆಗಳು. ಅವುಗಳ ನಡುವೆ ಒಂಟೆಗಳು ಸವೆಸಿದ ಒಂದು ಎಳೆ. ವಾಕೊ ಇಳಿದು ಗಾಡಿಯ ಮುಂದೆ ಹಿಮ್ಮುಖವಾಗಿ ನಡೆಯುತ್ತ, ಅಂಗೈ ಆಡಿಸಿ ದಾರಿ ತೋರಿದ. ದಿಣ್ಣೆಯ ನೆತ್ತಿಯಲ್ಲಿ ಆಡಿನ ಬೆನ್ನಿನಂತೆ ಎದ್ದ ಬಂಡೆಯೊಂದಿತ್ತು; ಸುತ್ತಿ ಹೋಗಲು ಎಡೆಯಿಲ್ಲ. ಹಿಂದೆ ಇಂಜಿನ್ನಿನ ಎಣ್ಣೆಯ ತೊಟ್ಟಿ ಒಡೆದದ್ದು ಅಲ್ಲಿಯೇ ಎಂದು ದರ್ಮಿ ಹೇಳಿದಳು. ಅವನು ಕಾದ ಕಲ್ಲುಗಳ ಮೇಲೆ ಪಕ್ಕಕ್ಕೆ ಒರಗಿ, ಕೆನ್ನೆಯನ್ನು ನೆಲಕ್ಕೆ ಹಚ್ಚಿದ.

"ಬಾ. ಇನ್ನೂ ಬಾ. ನಿಧಾನ... ತಾಯಿ, ಉಸಿರು ಬಿಡು, ನೀನು ಉಸಿರು ಹಿಡಿದ್ರೆ ಗಾಡಿ ಮೇಲೇಳಲ್ಲ, ಹೌದೊ ಅಲ್ವೊ? ಬಾ..."

ಬಂಡೆಯ ನೆತ್ತಿಯ ಮೇಲೆ ಹೊಸ ತಟ್ಟೆ ಹಾದುಹೋಯಿತು. ನಡುವೆ ಒಂದು ಬೆರಳು ತೂರುವಷ್ಟು ಬೆಳಕಿತ್ತು. ಆ ಬೆಳಕು ಹಿಂದಿನ ಅಚ್ಚಿನತನಕ ಕೆಡದೆ ಉಳಿದದ್ದನ್ನು ಕಂಡು ಅವನು ಎದ್ದು ಮೊಣಕೈಯ ತರಚು ಒರೆಸಿಕೊಂಡ. ದರ್ಮಿ ಗಾಡಿ ನಿಲ್ಲಿಸಿ ಅವನನ್ನು ಹತ್ತಿಸಿಕೊಂಡಳು.

ಬಿಡಾರದಲ್ಲಿ ಒಬ್ಬ ವೃದ್ಧೆ ಹಾದಿಗಡ್ಡವಾಗಿ ನಿಂತಿದ್ದಳು. ಕಟೆಲೊನ ದೊಡ್ಡಮ್ಮ, ಅಲ್ಲಿ ಅವಳದೇ ಮಾತು. "ಮತ್ತೆ ಬಂತಾ ಈ ಕುಟ್ಟಾಣಿ? ನಮ್ಮ ಹುಡುಗನ್ನ ಇದರಲ್ಲಿ ಹಾಕಿ ಕುಟ್ಟೋಕೆ ಬಿಡಲ್ಲ."

"ಅಮ್ಮ, ಮೊದಲು ನೀನು ಹತ್ತಿ ಒಂದು ಸುತ್ತು ಬಾ. ಸೊಂಟ ನೊಂದ್ರೆ ಆ ಕೋಲಲ್ಲೇ ನನಗೆ ಹೊಡಿ" ಎಂದ ವಾಕೊ.

ಅವಳು ಹತ್ತಿದಳು. ಕೋಲನ್ನು ಮಡಿಲಲ್ಲಿ ಸಿದ್ಧವಾಗಿಟ್ಟುಕೊಂಡೇ ಕಲ್ಲಿನ ಮೇಲೆ ಒಂದು ಸುತ್ತು ಬಂದು ಇಳಿದು, "ಒಂಟೆಗಿಂತ ವಾಸಿ" ಎಂದಳು. ಗಬ್ರಾಗಳ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. "ಬೊಕಾಯೊ ಒಪ್ಪಿದ್ಲು, ಹಾಸಿಗೆ ತನ್ನಿ" ಎಂದು ಯಾರೋ ಕೂಗಿದರು.

ಆ ಹೆಸರಿಗೆ ವಾಕೊ ತಟ್ಟನೆ ತಿರುಗಿದ. ಒಳಗೆ ದರ್ಮಿ ಕಟೆಲೊನ ಕಾಲಿಗೆ ದಬ್ಬೆ ಕಟ್ಟುತ್ತಿದ್ದಳು. ಅವನು ವೃದ್ಧೆಯ ಬಳಿ ಕುಳಿತು, ಚಾಲ್ಬಿಯ ಅಂಚಿನಲ್ಲಿ ಎಂದಾದರೂ ಬಿಡಾರ ಹೂಡಿದ್ದೆಯಾ ಎಂದು ಕೇಳಿದ. ಹೂಡಿದ್ದೆ, ಮದುವೆಯಾದ ಮೊದಲ ವರ್ಷಗಳೆಲ್ಲ ಅಲ್ಲಿಯೇ ಎಂದಳು. ಮಳೆಯಲ್ಲಿ ಹೂತ ಗಾಡಿಯೊಂದಕ್ಕೆ ಮನೆ ಕಿತ್ತು ಕೊಟ್ಟಿದ್ದೆಯಾ? ಕೊಟ್ಟಿದ್ದೆ. ವಾಕೊ ಅಷ್ಟು ವರ್ಷ ಮನಸ್ಸಿನಲ್ಲಿ ಕಟ್ಟಿಟ್ಟಿದ್ದ ಮಾತುಗಳು ಒಮ್ಮೆಗೇ ಹೊರಬರಲು ನೂಕಾಡಿದವು. ಆದರೆ ಅವಳು ಹೊಗೆಸೊಪ್ಪನ್ನು ದವಡೆಯಿಂದ ದವಡೆಗೆ ಸರಿಸಿ, ಕಣ್ಣು ಕಿರಿದು ಮಾಡಿ ಕೇಳಿದಳು:

"ನಿಂದು ಯಾವುದಪ್ಪ? ಬಿಳೀದೋ, ಹಸಿರೋ?"

"ನೀಲಿ."

"ನೀಲಿ ನೆನಪಿಲ್ಲ. ಆಗೆಲ್ಲ ಮಳೆ ಬಂತು ಅಂದ್ರೆ ಯಾವುದಾದ್ರೂ ಒಂದು ಹೂತ್ಕೊಳ್ತಿತ್ತು. ನಮ್ಮವ್ವ ಬೈಯೋಳು, ನೀನು ಮನೆ ಕಟ್ಟೋದು ಗಾಡಿಗಳು ತುಳೀಲಿ ಅಂತಾನಾ ಅಂತ."

ಅವನಿಗೆ ಎಲ್ಲಿಯೋ ಒಂದು ಕಡೆ ಚುಚ್ಚಿತು. ಅವನು ದಿನವೂ ನೆನೆದ ಆ ಗಳಿಗೆ ಅವಳಿಗೆ ಹಲವು ಮಳೆಗಳಲ್ಲಿ ಒಂದು ಮಳೆ. ಆದರೂ ಹೇಳಿದ; ಜ್ವರವನ್ನು, ಕೆಸರನ್ನು, ಮುರಿದ ಕೋಲುಗಳ ಸದ್ದನ್ನು, ನಿಲ್ಲಿಸದೆ ಹೋದದ್ದನ್ನು, ಹುಡುಕಿದ್ದನ್ನು. ಅವಳು ಬೇರೆ ಯಾರದೋ ಕಥೆ ಕೇಳುವ ಹಾಗೆ ಆಸಕ್ತಿಯಿಂದ ಕೇಳಿದಳು.

"ಆ ಹುಡುಗಿ ಬದುಕಿದಾಳಾ?"

"ಬದುಕಿದಾಳೆ. ದಿನಾ ನನ್ನ ಬೈತಾಳೆ."

"ಹಾಗಾದ್ರೆ ಕೋಲು ದಂಡ ಆಗ್ಲಿಲ್ಲ ಬಿಡು" ಎಂದು ಬೊಕಾಯೊ ನಕ್ಕಳು. ಆ ನಗುವಿಗೆ ಅವನ ಕಣ್ಣು ತುಂಬಿ ಹರಿಯಿತು. ಅವಳು ಅದನ್ನು ನೋಡಿಯೂ ನೋಡದವಳಂತೆ, ಕಟೆಲೊನ ಹಾಸಿಗೆ ಸರಿಯಾಯಿತೇ ಎಂದು ನೋಡಲು ಎದ್ದುಹೋದಳು.

ಹಿಂದಿರುಗುವಾಗ ಕಟೆಲೊ ಕಿರುಚಲಿಲ್ಲ. ಆಡಿನ ಬೆನ್ನಿನ ಬಂಡೆಯನ್ನು ದಾಟುವಾಗ ಹಲ್ಲು ಕಚ್ಚಿ ಮುಲುಗಿದ, ಅಷ್ಟೇ. ಮುಂದಿನ ಸೀಟಿನಲ್ಲಿ ಲಸಿಕೆ ಪೆಟ್ಟಿಗೆಯ ಜಾಗದ ಕುರಿತು ಜಗಳ ಮತ್ತೆ ಆರಂಭವಾಗಿತ್ತು. ಸ್ವಲ್ಪ ದೂರ ಬಂದ ಮೇಲೆ ಹಿಂದಿನಿಂದ ಸಣ್ಣ ದನಿ ಕೇಳಿಸಿತು: "ನನಗೆ ನಿದ್ದೆ ಬರ್ತಾ ಇದೆ. ನೀವಿಬ್ರೂ ಸುಮ್ನಾದ್ರೆ ಮಲಗ್ತೀನಿ." ಇಬ್ಬರೂ ಸುಮ್ಮನಾದರು. ತಾನು ಎತ್ತಿದ ಅಷ್ಟೂ ಹೊಟ್ಟೆಗಳಿಗೆ ಬಂದ ಪ್ರಶಂಸೆಗಳಲ್ಲಿ ಇದಕ್ಕೆ ಸಮನಾದುದಿಲ್ಲ ಎಂದು ವಾಕೊ ಹೇಳುತ್ತಿದ್ದ. ಕಟೆಲೊ ಈಗ ತುಸು ಕುಂಟುತ್ತ ಒಂಟೆಗಳ ಹಿಂದೆ ನಡೆಯುತ್ತಾನೆ. ಅವನನ್ನು ಬಿಡಾರಕ್ಕೆ ಬಿಡಲು ಹೋದ ಗಾಡಿಯಲ್ಲಿ ಮೊಮಿನಾ ಕೂಡ ಹೋಗಿ, ಸಕ್ಕರೆ, ಚಹಾಪುಡಿ, ಹೊಗೆಸೊಪ್ಪು ಕೊಟ್ಟು, ಬೊಕಾಯೊಳ ಚಾಪೆಯ ಮೇಲೆ ಒಂಟೆಹಾಲಿನ ಚಹಾ ಕುಡಿದು ಬಂದಳು. ಏನು ಮಾತಾಡಿದಿರಿ ಎಂದು ಗಂಡ ಎಷ್ಟು ಕೇಳಿದರೂ, "ಗಂಡಂದಿರ ವಿಷಯ" ಎಂದಷ್ಟೇ ಹೇಳಿದಳು.

ವಾಕೊ ಈಗ ಕಸುಬು ಬಿಟ್ಟು ಮೊಯಾಲೆಯಲ್ಲಿ ಮಗಳ ಮನೆಯಲ್ಲಿದ್ದಾನೆ. ಅವನು ಎತ್ತಿದ ಗಾಡಿಗಳು ಇಂದಿಗೂ ಕಪ್ಪುಕಲ್ಲನ್ನು ದಾಟುತ್ತಿವೆ. ಒಳಗೆ ಕುಳಿತವರಲ್ಲಿ ಅವನ ಹೆಸರು ಬಲ್ಲವರು ದಿನೇದಿನೇ ಕಡಿಮೆಯಾಗುತ್ತಿದ್ದಾರೆ. ಸೇತುವೆ ಕಟ್ಟಿದವರನ್ನು ಸೇತುವೆಯೇ ನೆನಪಿಸುತ್ತದೆ, ಬಾವಿ ತೋಡಿದವರನ್ನು ನೀರು ನೆನಪಿಸುತ್ತದೆ. ಆದರೆ ತಾಗಬೇಕಾಗಿದ್ದ ಕಲ್ಲು ತಾಗದೆ ಹೋದದ್ದಕ್ಕೆ, ಹೂತುಹೋಗಬೇಕಾಗಿದ್ದ ಚಕ್ರ ಹೂತುಹೋಗದೆ ಉರುಳಿದ್ದಕ್ಕೆ ಗುರುತು ಎಲ್ಲಿ ಉಳಿಯಬೇಕು? ಆಗದೆ ಹೋದ ಅನಾಹುತದ ಮೇಲೆಯೇ ಬಾಳುವ ನಾವು, ಅದು ಆಗದಂತೆ ನೋಡಿಕೊಂಡವರು ಯಾರೆಂದು ತಿಳಿಯದೆಯೇ ಊರು ಮುಟ್ಟುತ್ತೇವೆ. ಅವರನ್ನು ಹುಡುಕಿಕೊಂಡು ಹೋಗಿ ಕೈಹಿಡಿದು ಕೇಳಿದರೂ ಅವರಿಗೆ ನಮ್ಮ ನೆನಪಿರುವುದಿಲ್ಲ. ಯಾವ ಬಣ್ಣದ ಗಾಡಿ ಎಂದು ಕೇಳಿಯಾರು. ನೆನೆಯುವ ಕೆಲಸವನ್ನು ಅವರು ಪೂರ್ತಿಯಾಗಿ ನಮಗೇ ಬಿಟ್ಟಿದ್ದಾರೆ.